ಕೆಂಪು ಬಾಳೆಯೂ ತಂಪುಗಾಳಿಯೂ

ಇಲಿಗಳು ನಿದ್ದೆ ಮಾಡುವುದನ್ನು ನೀವು ಎಂದಾದರೂ ನಿಂತು ನೋಡಿದ್ದೀರಾ? ಅಟ್ಟದ ಮೇಲಿನ ಕಳ್ಳ ಇಲಿಯ ಮಾತಲ್ಲ. ಅದು ನಮ್ಮೆದುರು ಮಲಗುವಷ್ಟು ದಡ್ಡ ಪ್ರಾಣಿಯಲ್ಲ. ನಾನು ಹೇಳುತ್ತಿರುವುದು ಪ್ರಯೋಗಶಾಲೆಯ ಬಿಳಿ ಇಲಿಗಳ ವಿಷಯ. ಅವಕ್ಕೆ ಹಗಲೇ ರಾತ್ರಿ. ನಾವು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅವು ಒಂದರ ಮೇಲೊಂದು ಒರಗಿ, ಯಾವ ಬಾಲ ಯಾರದೆಂಬ ಗೊಡವೆಯಿಲ್ಲದೆ, ಮೂಗನ್ನು ಪಕ್ಕದ ಇಲಿಯ ಹೊಟ್ಟೆಯಡಿ ತೂರಿಸಿ, ಹಿಂಡಿಟ್ಟ ಬಟ್ಟೆಯ ಮುದ್ದೆಯಂತೆ ಬಿದ್ದಿರುತ್ತವೆ. ಒಮ್ಮೊಮ್ಮೆ ಒಂದರ ಮೀಸೆ ಅದುರುತ್ತದೆ, ಇನ್ನೊಂದರ ಮುಂಗಾಲು ಓಡುವಂತೆ ಮಿಡುಕುತ್ತದೆ. ಕನಸು ಕಾಣುತ್ತಿರಬೇಕು. ಕಲಬುರಗಿಯ ಬೇಸಿಗೆಯ ಮಧ್ಯಾಹ್ನಗಳಲ್ಲಿ, ಇಡೀ ಊರು ಬಾಗಿಲು ಮುಂದೆ ಮಾಡಿಕೊಂಡು ಮಲಗಿರುವಾಗ, ನಾನು ಆ ಪಂಜರಗಳ ಮುಂದೆ ಕುರ್ಚಿ ಹಾಕಿಕೊಂಡು ಅವುಗಳ ಕನಸಿಗೆ ಕಾವಲು ಕೂತವಳಂತೆ ತೂಕಡಿಸಿದ್ದುಂಟು.

ನಾನೊಂದು ಔಷಧ ವಿಜ್ಞಾನದ ಕಾಲೇಜಿನಲ್ಲಿ ಪಾಠ ಹೇಳುವವಳು. ಪಾಠದ ಆಚೆಗಿನ ನನ್ನ ಕೆಲಸ, ಆ ಕನಸು ಹುಟ್ಟುವ ಜಾಗವನ್ನು ಪಾರ್ಶ್ವವಾಯುವಿನಿಂದ ಕಾಪಾಡಬಲ್ಲ ಔಷಧವೊಂದನ್ನು ಹುಡುಕುವುದು. ಕಾಪಾಡುವುದನ್ನು ಕಲಿಯಬೇಕಾದರೆ ಮೊದಲು ಕೆಡಿಸಬೇಕು. ಇದನ್ನು ಬರೆಯುವಾಗಲೂ ನನಗೆ ಕಸಿವಿಸಿಯಾಗುತ್ತದೆ. ಅರಿವಳಿಕೆ ಕೊಟ್ಟ ಇಲಿಯ ಕತ್ತಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳವನ್ನು ದಾರದಿಂದ ಕೊಂಚ ಹೊತ್ತು ಬಿಗಿದು, ಆಮೇಲೆ ಸಡಿಲಿಸುತ್ತೇವೆ. ಬಿಗಿದಾಗ ಕೇಡಾಗುತ್ತದೆ ಎಂಬುದು ಯಾರಿಗಾದರೂ ತಿಳಿಯುವ ಮಾತು. ಸಡಿಲಿಸಿದಾಗಲೂ ಆಗುತ್ತದೆ ಎಂಬುದೇ ನನ್ನನ್ನು ಈ ವಿದ್ಯೆಗೆ ಕಟ್ಟಿಹಾಕಿದ ಸೋಜಿಗ. ಹಸಿದು ಕೂತ ಜೀವಕೋಶಗಳಿಗೆ ರಕ್ತ ಮರಳಿದೊಡನೆ, ಅದು ಹೊತ್ತು ತಂದ ಪ್ರಾಣವಾಯುವೇ ಉರಿಯಾಗಿ ಅವನ್ನು ಸುಡತೊಡಗುತ್ತದೆ.

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಲವು ದಿನ ಬಾರದ ನಲ್ಲಿನೀರು ಬಂದ ದಿನ ಮೊದಲು ಗೊರಗೊರ ಗಾಳಿ ಬರುತ್ತದೆ, ಆಮೇಲೆ ತುಕ್ಕುಬಣ್ಣದ ರಾಡಿ. ಮೊದಲ ಕೊಡವನ್ನು ಚರಂಡಿಗೆ ಚೆಲ್ಲಿ ಎರಡನೆಯದನ್ನು ಒಳಗೆ ಒಯ್ಯುವ ಜಾಣತನ ನಮ್ಮ ಗಾಜಿಪುರ ಬಡಾವಣೆಯ ಓಣಿಗಳಲ್ಲಿ ಎಲ್ಲರಿಗೂ ಉಂಟು. ಮಿದುಳಿನ ಓಣಿಗಳಲ್ಲಿ ಆ ಮೊದಲ ಕೊಡ ಚೆಲ್ಲುವವರು ಯಾರು? ಆ ಕೆಲಸ ಮಾಡಬಲ್ಲ ಪದಾರ್ಥಕ್ಕಾಗಿ ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳು ತಡಕಾಡುತ್ತಿವೆ, ಅವುಗಳ ಮೂಲೆಯಲ್ಲಿ ನಮ್ಮದೂ ಒಂದು.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಬೇಸರಿಸಬೇಡಿ. ರಕ್ತ ನಿಂತ ಜಾಗದ ನಡುಭಾಗ ಬೇಗ ಸಾಯುತ್ತದೆ. ಅದರ ಸುತ್ತ ಒಂದು ಅಂಚು ಇರುತ್ತದೆ. ಅದು ಸತ್ತಿರುವುದಿಲ್ಲ, ಬದುಕಿದೆ ಎನ್ನಲು ಕೆಲಸ ಮಾಡುತ್ತಿರುವುದಿಲ್ಲ. ಕರೆದರೆ ಓಗೊಡದೆ, ಆದರೆ ಉಸಿರು ಹಿಡಿದುಕೊಂಡು ಕಾಯುತ್ತಿರುತ್ತದೆ. ನಾನದನ್ನು ಮುಸ್ಸಂಜೆಯ ಸೀಮೆ ಎಂದು ಕರೆಯುತ್ತೇನೆ. ನಮ್ಮ ಸಂಶೋಧನೆಯೆಲ್ಲ ಆ ಸೀಮೆಯಲ್ಲಿ ಕತ್ತಲಾಗದಂತೆ ತಡೆಯುವ ಹಂಬಲ. ಮನುಷ್ಯರ ಬದುಕಿನಲ್ಲೂ ಇಂಥ ಸೀಮೆಗಳಿವೆ ಎಂದು ನನಗೆ ಅನಿಸುತ್ತದೆ: ಮಾತು ನಿಂತ ಸ್ನೇಹಗಳು, ಅರ್ಧಕ್ಕೆ ಬಿಟ್ಟ ಹಾಡುಗಾರಿಕೆ, ಕಲಿತು ಮರೆತ ಈಜು. ಅವು ಸತ್ತವೆಂದು ನಾವೇ ತೀರ್ಮಾನಿಸಿ ಎದ್ದು ಹೋಗಿರುತ್ತೇವೆ.

ಈ ಸೀಮೆಯನ್ನು ನಾನು ಪುಸ್ತಕದ ಹೊರಗೆ ಕಂಡದ್ದು ಶರಣಪ್ಪ ಕಾಕಾನ ಬಲಗೈಯಲ್ಲಿ. ಕಾಕಾ ನನ್ನ ಅಪ್ಪನ ತಮ್ಮ. ಕಮಲಾಪುರದಲ್ಲಿ ಅವರದು ಕೆಂಪು ಬಾಳೆಯ ತೋಟ. ಒಂದು ಮುಂಜಾನೆ ತೋಟದಲ್ಲೇ ಅವರಿಗೆ ಲಕ್ವಾ, ಅದೇ ಪಾರ್ಶ್ವವಾಯು, ಹೊಡೆಯಿತು. ಬೇಗ ದವಾಖಾನೆ ಮುಟ್ಟಿಸಿದ್ದರಿಂದ ಜೀವ ಉಳಿಯಿತು, ಮಾತು ಮರಳಿತು. ಬಲಗೈ ಮಾತ್ರ ಹೇಳಿದ ಮಾತನ್ನು ತಡವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಕೇಳುತ್ತಿತ್ತು. ಮನೆಯಲ್ಲಿ ಮುಖ ತಿರುಗಿಸಿ ಮಲಗಿಬಿಟ್ಟಿದ್ದ ಅವರನ್ನು ಎಬ್ಬಿಸಿದ್ದು ಔಷಧವಲ್ಲ, ನನ್ನ ಇಲಿಗಳು. ನಾನು ಮಾಡುವ ಕೆಲಸ ಏನೆಂದು ಅಂದಿನವರೆಗೆ ಕೇಳದಿದ್ದವರು, ನಾನು ನೋಡಲು ಹೋದ ದಿನ ಕೇಳಿದರು, ಕೇಳಿ ಎದ್ದು ಕೂತರು.

"ಹಣ್ಣು ತಿಂದು ಸಿಪ್ಪಿ ಒಗಿತೀವಿ ನಾವು. ಆ ಕೆಂಪೆಲ್ಲಾ ಸಿಪ್ಪಿನಾಗ ಅದ. ಸುಮ್ಮಸುಮ್ಮನ ಕೆಂಪಾಗಿರ್ತದೇನು? ಅದರಾಗ ಏನರ ಇದ್ದೇ ಇರ್ತದ, ನೋಡ ಗಿರಿಜಾ," ಅಂದರು.

ಸಿಪ್ಪೆಯ ಬಣ್ಣದಲ್ಲಿ ಉರಿ ತಣಿಸುವ ಗುಣವಿರಬಹುದೆಂಬುದು ಶಾಸ್ತ್ರಕ್ಕೂ ಒಪ್ಪುವ ಮಾತೇ. ನೋಡೋಣ ಎಂದೆ. ಅಂದಿನಿಂದ ಪ್ರತಿ ಸೋಮವಾರ ಕಾಕಾ ಬಸ್ಸು ಹತ್ತಿ, ಎಡಗೈಯಲ್ಲಿ ಚೀಲ ಹಿಡಿದು, ನಮ್ಮ ವಿಭಾಗದ ಮೆಟ್ಟಿಲೇರಿ ಬರತೊಡಗಿದರು. ಚೀಲದಲ್ಲಿ ತಾಮ್ರದ ಬಣ್ಣದ, ಗಿಡ್ಡಗೆ ದುಂಡಗಿನ ಹಣ್ಣುಗಳು. ಹಣ್ಣೆಲ್ಲ ಹಾಸ್ಟೆಲಿನ ಹುಡುಗಿಯರ ಪಾಲು, ಸಿಪ್ಪೆ ಇಲಿಗಳ ಪಾಲು. ಬರುವಾಗ ತಲೆಯ ಪೇಟದ ಜರಿಯಂಚು ಎದ್ದು ಕಾಣುತ್ತಿತ್ತು. ಹೋಗುವಾಗ ನಡಿಗೆ ಒಂದಿಷ್ಟು ನೆಟ್ಟಗಾಗಿರುತ್ತಿತ್ತು. ಚಿಗವ್ವ, ಅಂದರೆ ಕಾಕಾನ ಹೆಂಡತಿ, "ಸೋಮವಾರ ಬಂತಂದ್ರ ನಿಮ್ಮ ಕಾಕಾ ಮದಿಮಗ ಆಗ್ತಾರವ್ವಾ," ಎಂದು ನಗುತ್ತಿದ್ದಳು.

ನಮ್ಮ ಪ್ರಯೋಗದ ಕ್ರಮ ಸರಳ. ಇಲಿಗಳಲ್ಲಿ ಎರಡು ಗುಂಪು. ಒಂದಕ್ಕೆ ದಿನಾ ಬೆಳಿಗ್ಗೆ ಸಿಪ್ಪೆಯ ಸಾರ, ಇನ್ನೊಂದಕ್ಕೆ ಬರಿ ನೀರು. ಆಮೇಲೆ ಎರಡಕ್ಕೂ ಶಸ್ತ್ರಕ್ರಿಯೆ. ಕೊನೆಗೆ ಮಿದುಳಿನ ತೆಳು ಹೋಳುಗಳನ್ನು ಒಂದು ದ್ರವದಲ್ಲಿ ಅದ್ದುತ್ತೇವೆ: ಬದುಕಿದ ಭಾಗ ಕೆಂಪಾಗುತ್ತದೆ, ಸತ್ತದ್ದು ಬಿಳಿಯಾಗಿ ಉಳಿಯುತ್ತದೆ. ಈ ಕೆಲಸದಲ್ಲಿ ನನ್ನ ಜೊತೆಗಾರ್ತಿ ಗೌತಮಿ, ನಮ್ಮಲ್ಲೇ ಅಧ್ಯಾಪಕಿ. ಮೊದಲ ಸಲ, ನೀರು ಕುಡಿದವುಗಳ ಹೋಳುಗಳು ಬಿಳಿಯಾಗಿ ಉಳಿದು, ಸಾರ ಕುಡಿದ ಇಲಿಗಳ ಹೋಳುಗಳು ದ್ರವದಲ್ಲಿ ಅಂಚಿನಿಂದ ಅಂಚಿಗೆ ಕೆಂಪೇರುತ್ತ ಬಂದಾಗ ನಾವಿಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡೆವು. ಕಮಲಾಪುರದ ಕೆಂಪು ನೆಲ ಬಾಳೆಗೆ ಏರಿ, ಬಾಳೆಯಿಂದ ಮಿದುಳಿಗೆ ಇಳಿಯಿತೇನೋ ಎಂಬ ಭ್ರಮೆ. ವಿಜ್ಞಾನದವಳು ಹೀಗೆಲ್ಲ ಯೋಚಿಸಬಾರದು, ಗೊತ್ತು. ಆದರೆ ಮನಸ್ಸಿಗೆ ಬಿಳಿ ಕೋಟು ತೊಡಿಸಲಾಗುವುದಿಲ್ಲವಲ್ಲ.

ಅದು ಸೋಮವಾರವೇ. ಕಾಕಾ ಹೊರಗೆ ಬೆಂಚಿನ ಮೇಲೆ ಕೂತಿದ್ದರು. "ಇಲಿಯೊಳಗ ಉಳಸ್ಯಾದ ಕಾಕಾ, ಆದ್ರ ಇನ್ನಾ ಭಾಳ ನೋಡೂದದ," ಎಂದೆ. ಅವರಿಗೆ ಕೇಳಿಸಿದ್ದು ಆ ಮಾತಿನ ಮೊದಲರ್ಧ ಮಾತ್ರ. ಅಂದು ಸಂಜೆಯೊಳಗೆ ಕಮಲಾಪುರದ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಸುದ್ದಿ ಮುಟ್ಟಿತ್ತು.

ಮುಂದಿನ ತಂಡದ ಇಲಿಗಳಿಗೆ ಶಸ್ತ್ರಕ್ರಿಯೆ ಮಾಡಿದ ದಿನ ಬೆಳಗಿನಿಂದ ಕರೆಂಟು ಇರಲಿಲ್ಲ. ಕಿಟಕಿ ತೆರೆದು, ಸೆರಗಿನಿಂದ ಬೆವರೊರೆಸಿಕೊಳ್ಳುತ್ತ ಕೆಲಸ ಮುಗಿಸಿದೆವು. ಹೋಳುಗಳನ್ನು ಅದ್ದಿದರೆ ಎರಡೂ ಗುಂಪಿನವು ಒಂದೇ ಸಮ ಬಿಳಿ. ಸಾರ ಕೆಟ್ಟಿದೆಯೇನೋ ಎಂದು ಗೌತಮಿ ಬಾಟಲಿ ಮೂಸಿ ನೋಡಿದಳು. ನಾನು ಮಾತ್ರ ಸದ್ದಿಲ್ಲದ ಆ ಕೋಣೆಯಲ್ಲಿ ಏನೋ ಒಂದು ಕಡಿಮೆಯಾಗಿದೆ ಎಂದು ಸುತ್ತ ನೋಡುತ್ತ ನಿಂತೆ. ಕಡಿಮೆಯಾಗಿದ್ದದ್ದು ಕೂಲರಿನ ಗರಗರ.

ನಮ್ಮ ಕೋಣೆಯ ಏಸಿ ಕೆಟ್ಟು, ಅದರ ದುರಸ್ತಿಯ ಕಾಗದ ಕಚೇರಿಯಿಂದ ಕಚೇರಿಗೆ ಪ್ರವಾಸ ಹೊರಟಿದ್ದರಿಂದ, ದೊಡ್ಡದೊಂದು ಕೂಲರ್ ತಂದಿಟ್ಟುಕೊಂಡಿದ್ದೆವು. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಮನೆಗೆ ಬಂದವರಿಗೆ ನೀರಿಗಿಂತ ಮೊದಲು ಕೊಡುವುದು ಕೂಲರಿನ ಮುಂದಿನ ಕುರ್ಚಿ. ಗೌತಮಿಯೂ ಅದೇ ಊರಿನವಳು. ಸಾರ ಕುಡಿಯುವ ಇಲಿಗಳ ಪಂಜರಗಳನ್ನು ಅವಳು ಕೂಲರಿಗೆ ಎದುರಾಗಿ ಜೋಡಿಸಿದ್ದಳು. ಶಸ್ತ್ರಕ್ರಿಯೆ ಮುಗಿದು, ಮಂಪರಿನಲ್ಲಿ, ಮೈಗೂದಲು ಒದ್ದೆಯಾಗಿ ಮಲಗಿದ ಅವಕ್ಕೆ ಮೊದಲ ಸಲ ಗಂಟೆಗಟ್ಟಲೆ ಆ ಗಾಳಿ ಬೀಸಿತ್ತು. ನೀರು ಕುಡಿಯುವವು ಗೋಡೆಯ ಕಡೆಗೆ, ಸೆಖೆಯಲ್ಲಿ. ಯಾಕೆ ಹಾಗೆ ಇಟ್ಟೆ ಎಂದು ಕೇಳಿದರೆ ಅವಳ ಕಣ್ಣು ತುಂಬಿತು.

"ದಿನಾ ಮುಂಜಾನಿ ಆ ಒಗರು ನುಂಗ್ತಾವ್ರಿ ಮೇಡಂ, ಪಾಪ. ಅವಕ್ಕರ ಜರಾ ತಂಪು ಹತ್ತಲಿ ಅಂತ ಇಟ್ಟೆ. ತಪ್ಪಾತೇನ್ರೀ?"

ಆ ಜೋಡಣೆಯನ್ನು ದಿನಾ ನೋಡುತ್ತಿದ್ದ ನನ್ನ ಕಣ್ಣಿಗೂ ಅದು ಸಹಜವಾಗಿಯೇ ಕಂಡಿತ್ತು. ಶಸ್ತ್ರಕ್ರಿಯೆಯಾದ ಇಲಿಯ ಮೈ ತಣ್ಣಗಾಗದಂತೆ ಮೇಲೊಂದು ಬಿಸಿ ದೀಪ ಹಚ್ಚಿಡಿ ಎಂದು ಪುಸ್ತಕಗಳು ಹೇಳುತ್ತವೆ. ಅದನ್ನು ಓದಿ ನಾವು ನಕ್ಕಿದ್ದೆವು. ಮೇ ತಿಂಗಳಲ್ಲಿ, ಈ ಊರಿನಲ್ಲಿ, ಯಾರಿಗಾದರೂ ಬೆಚ್ಚಗಿರಲಿ ಎಂದು ದೀಪ ಹಚ್ಚುವುದೇ!

ದೀಪ ಹಚ್ಚಿ, ಪಂಜರಗಳನ್ನು ಬೆರೆಸಿಟ್ಟು, ಮೈ ಬಿಸಿಯನ್ನು ಅಳೆಯುತ್ತ ಮತ್ತೆ ಮಾಡಿದೆವು, ಮತ್ತೊಮ್ಮೆ ಮಾಡಿದೆವು. ಪ್ರತಿ ಸಲವೂ ಎರಡೂ ಗುಂಪು ಒಂದೇ ಸಮ ಬಿಳಿ, ಸಂದೇಹ ಉಳಿಯಲಿಲ್ಲ. ಮಿದುಳನ್ನು ಕಾಪಾಡಿದ್ದು ಬಾಳೆಯಲ್ಲ, ತಂಪುಗಾಳಿ. ತಣ್ಣಗಾದ ಮಿದುಳು ಬೇಡುವುದು ಕಡಿಮೆ; ಬೇಡುವುದು ಕಡಿಮೆಯಾದ್ದರಿಂದ ಕೊರತೆಯನ್ನು ತಾಳಿಕೊಳ್ಳುತ್ತದೆ. ಇದು ಶಾಸ್ತ್ರಕ್ಕೆ ಹೊಸದೇನಲ್ಲ. ಆದರೂ ಆ ಮಧ್ಯಾಹ್ನ ಪಂಜರಗಳ ಮುಂದೆ ಕೂತು ನನಗೆ ಎಂಥೆಂಥದೋ ಹೊಳೆಯಿತು. ಬಿಸಿಲೇರಿದೊಡನೆ ಅಂಗಡಿಗಳ ಕದ ಅರ್ಧ ಎಳೆದು, ಬೇಕುಗಳನ್ನೆಲ್ಲ ಬದಿಗಿಟ್ಟು ಕಣ್ಣು ಮುಚ್ಚುವ ಈ ಊರು ಸೋಮಾರಿಯಲ್ಲ, ತನ್ನನ್ನು ಕಾಪಾಡಿಕೊಳ್ಳುವ ಉಪಾಯ ಬಲ್ಲದ್ದು ಅನಿಸಿತು. ಅರೆನಿದ್ದೆಯಲ್ಲಿ ಇಡೀ ಕಲಬುರಗಿಯೇ ನಿಧಾನವಾಗಿ ಉಸಿರಾಡುವ ಒಂದು ದೊಡ್ಡ ಮಿದುಳಾಗಿ, ಅದರ ಓಣಿಗಳಲ್ಲಿ ಒಂದೊಂದೇ ಪರದೆ ಇಳಿಯುವಂತೆ ಕಂಡಿತು. ನನ್ನನ್ನು ಎಬ್ಬಿಸಿದ್ದು ಚಿಗವ್ವನ ಫೋನು.

"ಗಿರಿಜಾ, ನಿಮ್ಮ ಕಾಕಾ ಗುಳಗಿ ಬಿಟ್ಟುಬಿಟ್ಟಾರವ್ವಾ. ಬೀಪೀದೂ ಇಲ್ಲ, ರಕ್ತ ತೆಳ್ಳಗ ಮಾಡೂದೂ ಇಲ್ಲ. ಮುಂಜಾನೆದ್ದು ಸಿಪ್ಪಿ ಅರದು ಕುಡ್ಯಾಕತ್ತಾರ. ಯಾಕ್ರೀ ಅಂದ್ರ, ಗಿರಿಜಾನ ಇಲಿ ಉಳದಾವು, ನಾ ಉಳೆಂಗಿಲ್ಲೇನು ಅಂತಾರ."

ಒಮ್ಮೆ ಲಕ್ವಾ ಹೊಡೆದವರಿಗೆ ಎರಡನೆಯದು ಹೊಂಚು ಹಾಕಿಕೊಂಡೇ ಇರುತ್ತದೆ. ಆ ಗುಳಿಗೆಗಳು ಅದನ್ನು ತಡೆದು ನಿಂತ ಬಾಗಿಲು. ಅವರನ್ನು ನೋಡುವ ಡಾಕ್ಟರಿಗೆ ಫೋನು ಮಾಡಿದೆ. ಈಗಲೇ ಶುರು ಮಾಡಿಸಿ, ನಾಳೆಯೇ ಕರೆತನ್ನಿ ಎಂದರು. ನಾನು ಕಮಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ದಿಗಿಲು. ನಿಜ ಹೇಳದಿದ್ದರೆ ಕಾಕಾ ಉಳಿಯುವುದಿಲ್ಲ. ಹೇಳಿದರೆ ಅವರ ಸೋಮವಾರ ಉಳಿಯುವುದಿಲ್ಲ. ಆ ಪೇಟ, ಆ ಚೀಲ, ಆ ಮೆಟ್ಟಿಲು ಇಲ್ಲವಾದರೆ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಾರು. ನಾನು ಅವರನ್ನು ಬಹಳ ಪ್ರೀತಿಸುತ್ತೇನೆ ಎಂಬುದು ಆ ಬಸ್ಸಿನಲ್ಲಿ ನನಗೆ ಚೆನ್ನಾಗಿ ತಿಳಿಯಿತು.

ಕಾಕಾ ತೋಟದಲ್ಲಿ, ಬಾಳೆಯ ನೆರಳಿನಲ್ಲಿ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ಸುತ್ತಿ ಬಳಸಲಿಲ್ಲ, ಎಲ್ಲ ಹೇಳಿದೆ: ಕೂಲರಿನದು, ಗೌತಮಿಯ ಕಣ್ಣೀರಿನದು, ದೀಪದ್ದು, ಬಿಳಿಯಾಗಿ ಉಳಿದ ಹೋಳುಗಳದ್ದು. ಎಲೆಗಳು ಅಲುಗಿ ನೆರಳು ಅವರ ಮುಖದ ಮೇಲೆ ಹೋಗಿ ಬಂದು ಮಾಡುತ್ತಿತ್ತು.

"ಅಂದ್ರ ನಮ್ಮ ಹಣ್ಣು ಸುಳ್ಳಾತು."

"ಹಣ್ಣು ಸುಳ್ಳಲ್ಲ ಕಾಕಾ. ನಾವು ನೋಡಿದ್ದು ಸುಳ್ಳು."

"ನಾ ಊರ ತುಂಬ ಹೇಳೀನಲ್ಲ, ಗಿರಿಜಾ."

"ಊರಿಗೆ ನಾ ಹೇಳ್ತೀನ್ರಿ. ನೀವು ಗುಳಗಿ ತಗೋರಿ. ನಿಮಗೇನರ ಆದ್ರ ನಾ ಆ ಕೋಣಿಗಿ ಹೆಜ್ಜಿ ಇಡೂದಿಲ್ಲ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಇಂಥ ಮಾತನ್ನು ಸಮಾಧಾನದಿಂದ ಹೇಳುವ ವಯಸ್ಸು ನನ್ನದು, ಆದರೂ ಬಂತು.

ಚಿಗವ್ವ ಗುಳಿಗೆಯೂ ನೀರೂ ಹಿಡಿದು ಬಂದು ನಿಂತಳು. ಕಾಕಾ ನನ್ನನ್ನೇ ನೋಡಿದರು, ತಾವು ಊರಿಗೆಲ್ಲ ಹೇಳಿದ್ದನ್ನು ಮನಸ್ಸಿನಲ್ಲೇ ಒಬ್ಬೊಬ್ಬರಿಂದಾಗಿ ಹಿಂದಕ್ಕೆ ಪಡೆಯುತ್ತಿರುವವರಂತೆ. ಆಮೇಲೆ ಬಲಗೈಯನ್ನೇ ಚಾಚಿದರು. ಅದು ತಡವರಿಸಿತು, ನಡುಗಿತು. ನಾವಿಬ್ಬರೂ ನೆರವಿಗೆ ಹೋಗಲಿಲ್ಲ. ಗುಳಿಗೆ ಬಾಯಿ ಸೇರಿತು.

ಹೊರಡುವಾಗ ಬೇಲಿಯತನಕ ನಡೆದು ಬಂದರು. ಸೋಮವಾರದ ಮಾತೆತ್ತಲು ನನಗೆ ಧೈರ್ಯವಿರಲಿಲ್ಲ. ಅವರೇ ಕೇಳಿದರು:

"ಇಷ್ಟು ಹಣ್ಣು ತಂದೆನಲ್ಲ, ನೀ ಒಂದರ ತಿಂದೀಯೇನು?"

ತಿಂದಿರಲಿಲ್ಲ. ಸಿಪ್ಪೆಯನ್ನು ಒಣಗಿಸಿ, ಅರೆದು, ತೂಗಿ, ಸೋಸುವ ಗಡಿಬಿಡಿಯಲ್ಲಿ ಹಣ್ಣಿನ ನೆನಪೇ ನನಗೆ ಆಗಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

"ಸೋಮವಾರ ಬರ್ತೀನಿ," ಅಂದರು ಕಾಕಾ, ಪೇಟ ಸರಿಮಾಡಿಕೊಳ್ಳುತ್ತ. "ಹಣ್ಣು ತರ್ತೀನಿ. ಇಲಿಗಲ್ಲ, ನಿನಗ. ಆ ಗೌತಮಿಗೂ ಹೇಳು, ಅಳಬ್ಯಾಡ ಅಂತ."