ಅಜಮತ್ ಉಲ್ಲಾ ಮಾಡಿದ ಇಂಗ್ಲೆಂಡಿನ ಬಾಗಿಲು

ಸೊರಬದ ಬಡಗಿ ಅಜಮತ್ ಉಲ್ಲಾ ಅರವತ್ತೆರಡು ವರ್ಷದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಹೊಸಬಾಳೆ ದಾರಿಯ ದೊರೆ ಬಂಗಲೆಯಲ್ಲಿ ತೂಗುವ ಆ ಬೋರ್ಡು ಕಂಡಾಗಲೆಲ್ಲ ಅವರ ಕೈ ತಾನಾಗಿ ಸುತ್ತಿಗೆಗೆ ಹೋಗುತ್ತದೆ. ಮುಂಬಾಗಿಲು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು ಎಂದು ಅದರಲ್ಲಿ ಬರೆದಿದೆ. ಹಡಗೂ ಇಲ್ಲ, ಹಾಯಿಯೂ ಇಲ್ಲ. ಬಂದದ್ದು ಅವರ ಮಗ ಅಕೀಬನ ಲಗೇಜ್ ಆಟೋದಲ್ಲಿ. ಮಾಡಿದ್ದು ಅಜಮತ್ ಉಲ್ಲಾ, ಅದೂ ನಾಲ್ಕು ವರ್ಷದ ಕೆಳಗೆ.

ಬಂಗಲೆ ಮಾತ್ರ ನಿಜವಾಗಿ ಹಳೆಯದು. ರಾಣಿಯ ಕಾಲದಲ್ಲಿ ಮರದ ವ್ಯಾಪಾರದ ದೊರೆಯೊಬ್ಬ ಕಟ್ಟಿಸಿದ. ಅವನು ಹೋದ ಮೇಲೆ ಅವನ ಗುಮಾಸ್ತನ ಮನೆಯಾಯಿತು, ಆಮೇಲೆ ಭತ್ತದ ಗೋದಾಮು, ಕೊನೆಗೆ ಬಾವಲಿಗಳ ಪಾಲು. ರಾಜಕುಮಾರ್ ಎಂಬವರು ಅದನ್ನು ಕೊಂಡು, ಬಳ್ಳಿಗಾವಿ ನೋಡಲು ಬರುವವರು ತಂಗುವ ಜಾಗ ಮಾಡಿದರು. ಅಷ್ಟರಲ್ಲಿ ದೊರೆಯ ಮುಂಬಾಗಿಲು ಗೆದ್ದಲಿಗೆ ಅನ್ನವಾಗಿತ್ತು, ಮುಟ್ಟಿದರೆ ಹಿಟ್ಟು. ಹೊಸದು ಹಳೆಯದರ ಹಾಗೇ ಇರಬೇಕು ಎಂದರು ರಾಜಕುಮಾರ್. ಅಜಮತ್ ಉಲ್ಲಾ ಆ ಮಾತನ್ನು ತಲೆಗೆ ಹಚ್ಚಿಕೊಂಡದ್ದೇ ತಪ್ಪಾಯಿತು. ಕೆಡವಿದ ಅಕ್ಕಿ ಗಿರಣಿಯೊಂದರ ಸಾಗುವಾನಿ ತೊಲೆ ಹುಡುಕಿ ತಂದರು. ಮೂರು ತಿಂಗಳು ಉಳಿ ಹಿಡಿದು ಕೂತರು. ಗೇರೆಣ್ಣೆ ಬಳಿದು ಬಳಿದು ಕಪ್ಪು ಮಾಡಿದರು. ಬಾಗಿಲು ಎಷ್ಟು ಚೆನ್ನಾಗಿ ಬಂತೆಂದರೆ, ಮಾಡಿದವನ ಹೆಸರಿಗೇ ಕುತ್ತು ಬಂತು.

ಬೋರ್ಡಿನಲ್ಲಿ ನನ್ನ ಹೆಸರು ಹಾಕಿಸಿ ಎಂದು ಅವರು ಎಷ್ಟೋ ಸಲ ಕೇಳಿದರು. ಜನ ಹಳೆಯದನ್ನು ನೋಡಲು ಬರುತ್ತಾರೆ, ಸಾಬ್ರನ್ನು ನೋಡಲು ಅಲ್ಲ ಎಂದು ರಾಜಕುಮಾರ್ ನಕ್ಕರು. ಹೆಸರು ಹಾಕಿದರೆ ರೊಟ್ಟಿ ಬೇಯುತ್ತದಾ ಎಂದು ಮನೆಯಲ್ಲಿ ಹೆಂಡತಿ ಅಕ್ತರ್ ಬೀ ಬೈದರು. ಬೇಯುವುದಿಲ್ಲ, ಅದು ಅವರಿಗೂ ಗೊತ್ತು. ಹೊಟ್ಟೆ ಬೇಯುವುದಾದರೂ ನಿಲ್ಲುತ್ತಿತ್ತಲ್ಲ.

ಹೋದ ತಿಂಗಳು ಶಿಕಾರಿಪುರದಿಂದ ನಿರ್ಮಲಮ್ಮ ಎಂಬ ನಿವೃತ್ತ ಟೀಚರ್ ಬಂದು ಬಂಗಲೆಯಲ್ಲಿ ಉಳಿದರು. ಕಟ್ಟಿಸುತ್ತಿದ್ದ ಮನೆಗೆ ಅವರಿಗೆ ಇಂಥದ್ದೇ ಬಾಗಿಲು ಬೇಕಿತ್ತು. ಈಗಿನವರಿಗೆ ಅಂಥ ಕೈ ಎಲ್ಲಿದೆ ಎಂದುಬಿಟ್ಟರು ರಾಜಕುಮಾರ್. ಪಕ್ಕದಲ್ಲೇ ಕುರ್ಚಿ ರಿಪೇರಿಗೆ ಕೂತಿದ್ದ ಅಜಮತ್ ಉಲ್ಲಾಗೆ ಮೈಯೆಲ್ಲ ಉರಿಯಿತು.

"ಅಮ್ಮಾ, ಈ ಬಾಗ್ಲು ಮಾಡಿದ್ದು ನಾನೇ" ಎಂದರು.

ನಿರ್ಮಲಮ್ಮ ಬಾಗಿಲನ್ನು ಸವರಿದರು, ಅವರನ್ನೂ ನೋಡಿದರು. "ಇಂಥಾ ಕೆಲ್ಸ ಬರೋರು ಇಲ್ಲಿ ಕುರ್ಚಿ ಕಾಲು ಬಡೀತಾ ಕೂರ್ತಿದ್ರೇನ್ರೀ?"

ದನಿಯಲ್ಲಿ ಕೊಂಕಿರಲಿಲ್ಲ, ಕನಿಕರವಿತ್ತು. ಅದೇ ಹೆಚ್ಚು ಚುಚ್ಚಿತು. ಅಜಮತ್ ಉಲ್ಲಾ ಚೀಲ ಹೆಗಲಿಗೇರಿಸಿ, ಇನ್ನು ಈ ಬಾಗಿಲು ಕೆಟ್ಟರೆ ಇಂಗ್ಲೆಂಡಿನವರನ್ನೇ ಕರೆಸಿಕೊಳ್ಳಿ ಎಂದು ರಾಜಕುಮಾರ್ ಅವರಿಗೆ ಹೇಳಿ ಹೊರಟುಬಂದರು.

ಹದಿನೈದು ದಿನಕ್ಕೆ ರಾಜಕುಮಾರ್ ಅವರಿಂದ ಫೋನು ಬಂತು. ಹೊಸ ಟೈಲ್ಸ್ ಹಾಕಿಸಿ ನೆಲ ಎತ್ತರವಾಗಿತ್ತು, ಬಾಗಿಲು ಕೆಳಗೆ ತಾಗಿ ಮುಚ್ಚುತ್ತಿರಲಿಲ್ಲ. ಅಜಮತ್ ಉಲ್ಲಾ ಬಾರದಿದ್ದರೆ ಮೆಷಿನ್ನಿನವನು ಬಂದು ಕೊಯ್ಯುತ್ತಾನಂತೆ. ಬರುವುದಿಲ್ಲ ಎಂದು ಫೋನಿಟ್ಟ ಅಜಮತ್ ಉಲ್ಲಾ ಅರ್ಧ ಗಂಟೆಯಲ್ಲಿ ಬಂಗಲೆಯ ಮುಂದಿದ್ದರು. ಬೇರೆಯವನ ಮೆಷಿನ್ನು ಆ ಮರಕ್ಕೆ ತಾಗುವುದನ್ನು ನೆನೆಸಿಕೊಳ್ಳಲೂ ಅವರಿಂದ ಆಗಲಿಲ್ಲ.

ಬಾಗಿಲು ಬಿಚ್ಚಿ ಮಲಗಿಸಿದಾಗ ಅದರ ಅಡಿಯಂಚು ಕಂಡಿತು. ಎಣ್ಣೆ ಬಳಿಯದ ಬರಿ ಮರ. ಅದರ ಮೇಲೆ ಪೆನ್ಸಿಲಿನಲ್ಲಿ ಅಳತೆ, ತಾರೀಖು, ಉರ್ದುವಿನಲ್ಲಿ ಅವರ ಹೆಸರು. ಮೇಲೆ ಕೆಳಗೆ ತಪ್ಪದಿರಲೆಂದು ತಾವೇ ಬರೆದು ಮರೆತದ್ದು. ಅಕೀಬ್ ಇದ್ದಿದ್ದರೆ ಮೊಬೈಲಿನಲ್ಲಿ ಫೋಟೊ ಹಿಡಿಯುತ್ತಿದ್ದ. ಅವರ ಹತ್ತಿರ ಇದ್ದದ್ದು ಫೋಟೊ ಬಾರದ ಬಟನ್ ಸೆಟ್ಟು. ಅವರು ರಾಜಕುಮಾರ್ ಅವರನ್ನು ಕರೆದು ತೋರಿಸಿದರು.

ರಾಜಕುಮಾರ್ ಬಗ್ಗಿ ತಾರೀಖು ಓದಿದರು. "ಸಾಬ್ರೇ, ನಾಲ್ಕು ಗಂಟೆಗೆ ಗೆಸ್ಟ್ ಬರ್ತಾರೆ. ಬೇಗ ಹತ್ತರಿ ಹೊಡೀರಿ."

ತೆಗೆಯಬೇಕಿದ್ದದ್ದೂ ಅದೇ ಅಂಚು. ಬಿಟ್ಟರೆ ಬಾಗಿಲು ಮುಚ್ಚದು. ಅಜಮತ್ ಉಲ್ಲಾ ಚೀಲದಿಂದ ಮರ ಹೆರೆಯುವ ಹತ್ತರಿ ತೆಗೆದರು. ಅಂಚಿನ ಮೇಲೆ ಎಳೆದರು. ಹೆಸರು ಸುರುಳಿಯಾಗಿ ಹೊಸ ಟೈಲ್ಸಿನ ಮೇಲೆ ಬಿತ್ತು. ಬಾಗಿಲನ್ನು ಕೂರಿಸಿ ಒಂದೇ ಬೆರಳಿನಲ್ಲಿ ನೂಕಿದರು. ಅದು ಒಂಚೂರೂ ಸದ್ದಿಲ್ಲದೆ ಮುಚ್ಚಿಕೊಂಡಿತು. ಹೆಸರು ಕಳಕೊಂಡೂ ಅಷ್ಟು ಚೆಂದ ಮುಚ್ಚಿಕೊಂಡ ಆ ಬಾಗಿಲಿನ ಮೇಲೆ ಬಂದಷ್ಟು ಸಿಟ್ಟು ಅವರಿಗೆ ರಾಜಕುಮಾರ್ ಮೇಲೂ ಬಂದಿರಲಿಲ್ಲ.