ಅರ್ಚನೆಗೆ ಹೆಸರು ಬೇಕಿತ್ತು

ಭಕ್ತರೇ, ಶಹಾಬಾದಿನ ದವಾಖಾನೆಯಲ್ಲಿ ನಾನು ನರ್ಸ್ ಆಗಿದ್ದಾಗ, ತೊಂಬತ್ತೆಂಟರ ಶ್ರಾವಣದಲ್ಲಿ, ಹನ್ನೆರಡರ ಹುಡುಗಿಯೊಬ್ಬಳನ್ನು ಒಬ್ಬಾತ ಕರೆತಂದ. ಕಲ್ಲು ಪಾಲಿಶ್ ಮಾಡುವಲ್ಲಿ ಅಂಗೈ ಸೀಳಿತ್ತು. ಚೀಟಿ ಬರೆಯುವಾಗ ಮಕ್ಕಳನ್ನು ನಾವು ಕೇಳುತ್ತಿರಲಿಲ್ಲ. ಜೊತೆಗೆ ಬಂದವರು ಹೇಳಿದ್ದೇ ಹೆಸರು.

"ನಮ್ ತಂಗಿ ಮಗಳ್ರಿ. ಲಕ್ಷ್ಮಿ ಅಂತ ಬರಕೋರಿ" ಎಂದ.

ಹೊಲಿಗೆ ಹಾಕುತ್ತಾ "ಲಕ್ಷ್ಮೀ" ಎಂದು ಎರಡು ಸಲ ಕರೆದೆ. ಅವಳು ತಲೆ ಎತ್ತಲಿಲ್ಲ. ತೋಳಿನ ಮೇಲೆ ಹಳೆಯ ಬಾಸುಂಡೆಗಳಿದ್ದವು. ಎಲ್ಲ ಕಂಡೆ. ಆದರೂ ಹೊರಗೆ ಸಾಲು ಬೆಳೆದಿತ್ತೆಂದು, ಪಟ್ಟಿ ಬದಲಿಸಲು ಬರಹೇಳಿ ಕಳಿಸಿಬಿಟ್ಟೆ.

ಅವರು ಬರಲಿಲ್ಲ. ಚೀಟಿಯ ವಿಳಾಸ ಹಿಡಿದು ಹೋದರೆ ಅಲ್ಲಿ ಅಂಥವರೇ ಇರಲಿಲ್ಲ. ನನಗೆ ಅನ್ನ ಸೇರದಾಯಿತು.

ಶನಿವಾರ ಪ್ರಾಣದೇವರ, ನಮ್ಮ ಹನುಮಪ್ಪನ, ಗುಡಿಗೆ ಹೋದೆ. ಅರ್ಚಕರು ಕೇಳಿದರು: "ಯಾರ ಹೆಸರ್ಲೆ ಅರ್ಚನಿ ಮಾಡಬೇಕ್ರಿ?"

"ಒಂದು ಹುಡುಗಿ ಹೆಸರ್ಲೆ. ಹೆಸರು ಗೊತ್ತಿಲ್ರಿ."

"ಅಕಿನ್ನ ಕೇಳಲಿಲ್ಲೇನು?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನಗೆ ಪೂಜಾರಿಯ ಬಾಯಿಂದಲೇ ಬುದ್ಧಿ ಬಂತು. 'ಸ್ವಾಮಿ, ಒಮ್ಮೆ ಅವಳನ್ನು ಕಳಿಸು, ಈ ಸಲ ಬಿಡುವುದಿಲ್ಲ' ಎಂದು ಹರಕೆ ಹೊತ್ತೆ.

ಸೋಮವಾರ ಅವಳು ಬಂದಳು. ಕೈ ಕೀವಾಗಿತ್ತು.

"ಲಗೂ ಮಾಡ್ರಿ ಸಿಸ್ಟರ್, ವಾಡಿಗಿ ಹೋಗಿ ರೈಲ್ ಹಿಡಿಬೇಕು" ಎಂದು ಆತ ಅವಸರ ಮಾಡಿದ.

"ಪಟ್ಟಿ ಕಟ್ಟೋ ಖೋಲ್ಯಾಗ ಗಂಡಸರು ಬರೂಹಂಗಿಲ್ಲ. ಹೊರಗ ಕುಂದ್ರಿ." ಅಂಥ ನಿಯಮವೇ ಇರಲಿಲ್ಲ. ಆಗಲೇ ಹುಟ್ಟಿಸಿದೆ, ಚಿಲಕವನ್ನೂ ಹಾಕಿದೆ.

ಪಟ್ಟಿ ಬಿಚ್ಚುವಾಗ ಹುಡುಗಿ ತೆಲುಗಿನಲ್ಲಿ ನರಳಿದಳು. ಒಳಗೆ ತೆಲುಗು ಬಲ್ಲ ಆಯಾ ಮಲ್ಲಮ್ಮ ಇದ್ದಳು. ಅವಳ ಬಾಯಿಂದ ಹೆಸರು ಕೇಳಿಸಿದೆ. ಹುಡುಗಿ ತಲೆ ಎತ್ತಿದಳು.

"ಬಾಲಮ್ಮ" ಎಂದಳು. ಆಮೇಲೆ ಮಾತು ನಿಲ್ಲಲಿಲ್ಲ.

"ಚಿಂಚೋಳಿ ಆಚೆ ಕುಂಚಾವರಂ ಕಡೇದಾಕಿ ಅಂತ್ರಿ" ಎಂದಳು ಮಲ್ಲಮ್ಮ. "ಸಾಲಿಗಿ ಹಚ್ತೀನಂತ ಹೇಳಿ ಕರ್ಕೊಂಡು ಬಂದಾನಂತ. ಈಗ ಮುಂಬೈಗಿ ಒಯ್ಯಾಕತ್ಯಾನಂತ. ಅವ್ವನ ಹಂತ್ಯಾಕ ಹೋಗ್ತೀನಿ ಅಂತಾಳ್ರಿ."

ಹುಡುಗಿಯನ್ನು ಮಲ್ಲಮ್ಮನ ಬಳಿ ಬಿಟ್ಟೆ. ಹಿಂಬಾಗಿಲಿನಿಂದ ಹೋಗಿ ಡಾಕ್ಟರಿಗೆ ಹೇಳಿದೆ. ಅವರು "ಅಡ್ಮಿಟ್ ಮಾಡ್ರಿ" ಎಂದು ಬರೆದು ಠಾಣೆಗೆ ಫೋನ್ ಹಚ್ಚಿದರು. ಆತ ಬಾಗಿಲು ಬಡಿದ, ಬೈದ. ನಾನು ಮರಳಿ ಒಳಗೆ ಬಂದಿದ್ದೆ, ತೆಗೆಯಲಿಲ್ಲ. ಪೊಲೀಸರು ಬರುವಾಗಲೂ ಆತ ಬಡಿಯುತ್ತಲೇ ಇದ್ದ, ಅಲ್ಲೇ ಹಿಡಿದೊಯ್ದರು.

ಮೂರನೆಯ ದಿನ ಅವಳವ್ವ ಚಿಂಚೋಳಿಯ ಬಸ್ಸಿಳಿದು ಬಂದಳು.

ಭಕ್ತರೇ, ಕೀವಾದ ಕೈಯನ್ನೇ ನೆಪ ಮಾಡಿ ಸ್ವಾಮಿ ಅವಳನ್ನು ತಿರುಗಿ ನನ್ನ ಹತ್ತಿರ ಕಳಿಸಿದ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅಂದಿನಿಂದ ಮಗುವನ್ನೇ ಮೊದಲು ಕೇಳುತ್ತೇನೆ, ಬೇರೆ ಕರೆದು ಕೇಳುತ್ತೇನೆ. ಹೊಸ ನರ್ಸುಗಳಿಗೂ ಗದರಿಸಿ ಕಲಿಸಿದ್ದೇನೆ.

ಆ ವಾರದ ಶನಿವಾರ ಮತ್ತೆ ಗುಡಿಗೆ ಹೋದಾಗ ಅರ್ಚಕರು ಹೆಸರು ಕೇಳಿದರು. ಗುಡಿಯ ತುಂಬ ಕೇಳುವಂತೆ ಹೇಳಿದೆ: "ಬಾಲಮ್ಮ."