ಗ್ರಹಣ ತೋರಿಸಿದ ಅಕ್ಕೋರು

ಅಕ್ಕೋರ ಮೇಲಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ಹಿಡಿಯುವಷ್ಟು ಸಂದಿಯಿತ್ತು. ಯಲಬುರ್ಗಾ ಹತ್ತಿರದ ನಮ್ಮೂರ ಶಾಲೆಯಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಚಂದ್ರನ ಪಾಠ ಬಂದರೆ ಬುತ್ತಿಯ ರೊಟ್ಟಿಯನ್ನೇ ತೆಗೆಯುತ್ತಿದ್ದರು. ಕಚ್ಚಿ ಉಳಿದದ್ದನ್ನು ಎತ್ತಿ ಹಿಡಿದು, "ಇದು ಚೌತಿ... ಇದು ಅಷ್ಟಮಿ" ಎನ್ನುವರು. ಕೊನೆಗೆ ಬರಿಗೈ ತೋರಿಸಿ, "ಅಮಾಸಿ ದಿನ ಚಂದ್ರನ್ನ ಯಾರೂ ನುಂಗಿರೂದಿಲ್ಲ. ಇದ್ದಲ್ಲೇ ಇರ್ತಾನ, ನಮಗ ಕಾಣೂದಿಲ್ಲ ಅಷ್ಟ" ಎಂದು ನಗುವರು.

ಎಂಬತ್ತನೆಯ ಇಸವಿಯ ಫೆಬ್ರವರಿಯಲ್ಲಿ ಸೂರ್ಯನಿಗೆ ಪೂರ್ಣ ಗ್ರಹಣ, ಅದೂ ನಮ್ಮ ನೆತ್ತಿಯ ಮೇಲೆಯೇ ಹಾಯುವುದಿತ್ತು. ಊರೆಲ್ಲ ಬಾಗಿಲು ಹಾಕಿಕೊಳ್ಳುವ ಮಾತು. ಅಕ್ಕೋರು ಮನೆಮನೆಗೆ ಹೋಗಿ ಮಕ್ಕಳನ್ನು ಬೇಡಿ ತಂದರು. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ರಟ್ಟಿನ ತೂತಿನಿಂದ ಗೋಡೆಯ ಮೇಲೆ ಸವೆಯುತ್ತಿದ್ದ ಸೂರ್ಯನನ್ನು ತೋರಿಸಿದರು.

"ಪೂರಾ ಮುಚ್ಚಿದಾಗ ಅಷ್ಟ ತಿರುಗಿ ನೋಡ್ರಿ. ನಾ ಸೀಟಿ ಊದಿದ ಕೂಡ್ಲೇ ತಲಿ ತಗ್ಗಿಸಬೇಕು."

ಕತ್ತಲಾಯಿತು. ಎಲ್ಲರೂ ತಿರುಗಿದೆವು, ಅಕ್ಕೋರೂ ತಿರುಗಿದರು. ಮುಚ್ಚಿದ ಸೂರ್ಯನ ಅಂಚಿನಲ್ಲಿ ಕಿಡಿಯೊಂದು ಸಿಡಿದಾಗ ಉಳಿದವರು ಬೆದರಿ ಮುಖ ಮುಚ್ಚಿಕೊಂಡರು. ನಾನು ಸೀಟಿಯನ್ನೇ ಕಾಯುತ್ತ, ಆ ಕಿಡಿ ಉಬ್ಬುವುದನ್ನು ನೋಡುತ್ತ ನಿಂತೆ. ಸೀಟಿ ಅಕ್ಕೋರ ತುಟಿಯಲ್ಲೇ ಇತ್ತು, ಊದಿದ್ದು ತಡವಾಗಿ.

ಮರುದಿನದಿಂದ ನನ್ನ ಬಲಗಣ್ಣಿನ ನಟ್ಟನಡುವೆ ಒಂದು ಮಬ್ಬು ಕಲೆ. ಹೋಗುವಂಥದ್ದಲ್ಲ ಎಂದರು ಕೊಪ್ಪಳದ ಡಾಕ್ಟರು.

ಸುದ್ದಿ ಕೇಳಿ ಅಕ್ಕೋರು ಮನೆಗೆ ಓಡಿ ಬಂದರು. ನಮ್ಮಜ್ಜಿ ಕೂತಲ್ಲಿಂದಲೇ, "ಗ್ರಾಣದಾಗ ಹೊರಗ ಹೋಗಬಾರ್ದು ಅಂತ ಹಿರ್ಯಾರು ಹೇಳಿದ್ದು ಸುಳ್ಳೇನ್ರಿ?" ಎಂದಳು.

"ಗ್ರಹಣದ್ದೇನೂ ತಪ್ಪಿಲ್ರಿ, ಅಮ್ಮ," ಎಂದರು ಅಕ್ಕೋರು. "ತಪ್ಪು ನಂದು. ಕೂಸುಗಳನ್ನ ನೋಡೂದು ಬಿಟ್ಟು ನಾ ಮ್ಯಾಲೆ ನೋಡಿಕೋತ ನಿಂತೆ."

ಹುಡುಗಿ ಮಾತು ಕೇಳಲಿಲ್ಲ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಅವರು ಹಾಗೆನ್ನಲಿಲ್ಲ. ಆಮೇಲೆ ಚಂದ್ರನ ಪಾಠವನ್ನು ಪುಸ್ತಕ ನೋಡಿ ಓದಿಸಿ ಮುಗಿಸುತ್ತಿದ್ದರಂತೆ. ನಾನು ಮದುವೆಯಾಗಿ ತಾವರಗೇರಾಕ್ಕೆ ಹೋದ ಮೇಲೂ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೂ, ಮೊದಲ ಮಾತು ಒಂದೇ: "ಕಣ್ಣು ಹೆಂಗೈತವ್ವಾ?"

"ಛಲೋ ಐತ್ರಿ" ಎನ್ನುತ್ತಿದ್ದೆ. ಇಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು.

ಗ್ರಹಣಕ್ಕೆ ಹತ್ತು ವರ್ಷ ತುಂಬುವ ಮೊದಲೇ ಅಕ್ಕೋರು ಹಾಸಿಗೆ ಹಿಡಿದರು. ಕುಷ್ಟಗಿಯಲ್ಲಿ ಅವರ ತಮ್ಮನ ಮನೆಗೆ ನೋಡಲು ಹೋದೆ. "ಕಣ್ಣು..." ಎಂದು ಶುರು ಮಾಡಿದರು.

"ಅಕ್ಕೋರ, ಅವತ್ತು ನಾ ಏನ್ ನೋಡಿದೆ ಅಂತ ನೀವು ಒಮ್ಮೆರೆ ಕೇಳಲಿಲ್ಲ," ಎಂದೆ. ನಾನೇ ಹೇಳಿದೆ: ಕರಿ ಬಿಲ್ಲೆ, ಅದರ ಸುತ್ತ ಸೇವಂತಿಗೆಯಂತೆ ಅರಳಿದ ಬಿಳಿ ಬೆಳಕು, ಹಗಲಲ್ಲೇ ಮಿನುಗಿದ ಶುಕ್ರ.

ಅಕ್ಕೋರು ಕೇಳಿದರು: "ಒಂದು ಎಸಳು ಉಳಿದಾವಕ್ಕಿಂತ ಉದ್ದ ಇತ್ತು, ಹೌದಿಲ್ಲೋ?"

"ಹೌದ್ರಿ."

"ಅದನ್ನ ನೋಡಿಕೋತ ನಿಂತಿದ್ದೆ. ಅಷ್ಟ್ ಛಂದ ಇತ್ತು ಅಂತ ಯಾರ ಮುಂದ ಹೇಳ್ಲಿ?"

ಆ ವಾರವೇ ಅವರು ಹೋದರು. ಆ ಉದ್ದನೆಯ ಎಸಳನ್ನು ನಾನು ನೋಡಿದ ನೆನಪಿಲ್ಲ. ಹೌದೆಂದದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ.